ಉಬ್ಬಸವಿಲ್ಲದ ಹುಡುಗಿ

ಬೆಳಗಿನಿಂದ ಜಯಸಿಂಹನಿಗೆ ಇದ್ದದ್ದು ಒಂದೇ ಆಸೆ: ಡಾಕ್ಟರ್ ಪದ್ಮನಾಭ ಮನೆಯಲ್ಲಿ ಇರಬಾರದು. ಅವನಿಗೆ ಕೆಟ್ಟದ್ದೇನೂ ಆಗುವುದು ಬೇಡ, ಪಾಪ. ಆಸ್ಪತ್ರೆಯಿಂದ ಒಂದು ಫೋನ್ ಬಂದು ಹೊರಟುಹೋಗಿದ್ದರೆ ಸಾಕು. ಮಿಶಿಗನ್ನಿನ ಕ್ಯಾಂಟನ್‌ನಿಂದ ಪದ್ಮನಾಭನ ಊರು ಪ್ಲೇನ್‌ಫೀಲ್ಡ್‌ಗೆ ಇನ್ನೂರ ಎಪ್ಪತ್ತು ಮೈಲಿ. ಅಷ್ಟು ದೂರ ಹೋಗಿ, ಬೆಲ್ ಒತ್ತಿ, ಬಾಗಿಲು ತೆಗೆಯದೆ ವಾಪಸು ಬಂದರೆ ತಂದೆ ಮಾಡಬೇಕಾದ್ದನ್ನು ಮಾಡಿದಂತೆಯೂ ಆಗುತ್ತದೆ, ಕೆಲಸ ಕೆಟ್ಟಂತೆಯೂ ಆಗುತ್ತದೆ. ಇಂಥ ಯೋಚನೆ ತನ್ನ ತಲೆಯೊಳಗೇ ಹುಟ್ಟುತ್ತಿದೆ ಎಂದು ಗೊತ್ತಾದಾಗ ಅವನಿಗೆ ಮೈ ಹಿಡಿಯಾಯಿತು. ಥೂ, ಎಂಥ ಅಪ್ಪ ನಾನು, ಎಂದುಕೊಂಡ. ಪಕ್ಕದಲ್ಲಿ ಹದಿನೇಳು ವರ್ಷದ ಮಗಳು ವಿಭಾ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಲಿಮಿಟ್‌ಗಿಂತ ಒಂದು ಮೈಲಿ ಹೆಚ್ಚಿಲ್ಲದೆ ಡ್ರೈವ್ ಮಾಡುತ್ತಿದ್ದಳು. ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆದು ಎಡಗಡೆಯಿಂದ ದಾಟಿಕೊಂಡು ಹೋದ. "ಸ್ವಲ್ಪ ಜೋರಾಗಿ ಹೋಗ್ಬೋದು ಪುಟ್ಟ, ಎಲ್ಲಾರೂ ಹೋಗ್ತಾರೆ," ಎಂದ. "ಸೆವೆಂಟಿ ಅಂದ್ರೆ ಸೆವೆಂಟಿ, ಅಪ್ಪ," ಎಂದಳು ರಸ್ತೆಯಿಂದ ಕಣ್ಣು ತೆಗೆಯದೆ.

ಈ ಹಟದಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು. ಸೈನ್ಯದ ಫಾರಂ ತುಂಬುವ ದಿನ ಅವನು ಅಡಿಗೆಮನೆಯ ಟೇಬಲ್ಲಿನ ಈಚೆ ಕೂತಿದ್ದ, ಅವಳು ಆಚೆ. ಕಾಲೇಜಿನ ನಾಲ್ಕು ವರ್ಷದ ಫೀಸನ್ನೂ ಸೈನ್ಯವೇ ಕಟ್ಟುತ್ತದೆ. ಓದುತ್ತ ಓದುತ್ತಲೇ ಆಫೀಸರ್ ಟ್ರೈನಿಂಗ್. ಡಿಗ್ರಿ ಕೈಗೆ ಬಂದ ದಿನವೇ ಭುಜಕ್ಕೆ ಪಟ್ಟಿ, ಆಮೇಲೆ ನಾಲ್ಕು ವರ್ಷ ಅವರು ಕಳಿಸಿದ ಕಡೆ ಹೋಗಬೇಕು. ಸ್ಕಾಲರ್‌ಶಿಪ್ ಸಿಕ್ಕಿಯೂ ಆಗಿತ್ತು, ಉಳಿದದ್ದು ಮೆಡಿಕಲ್ ಒಂದೇ. ಎಂದಾದರೂ ಇನ್ಹೇಲರ್ ಬಳಸಿದ್ದೀರಾ ಎಂಬ ಪ್ರಶ್ನೆಯ ಮುಂದೆ ವಿಭಾಳ ಪೆನ್ನು ನಿಂತಿತು. "ಇಲ್ಲ ಅಂತ ಹಾಕು, ಯಾರಿಗೆ ಗೊತ್ತಾಗತ್ತೆ," ಎಂದುಬಿಟ್ಟಿದ್ದ ಜಯಸಿಂಹ. ಅವಳು ತಲೆಯೆತ್ತಿ ಅವನನ್ನು ನೋಡಿದ ರೀತಿ ಈಗಲೂ ಚುಚ್ಚುತ್ತದೆ. ಹೌದು ಎಂದು ಗುರುತು ಹಾಕಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕೆಮ್ಮಿಗೆ, ಎಂದು ಬರೆದಳು. ಸೈನ್ಯದವರು ಹಳೆಯ ದಾಖಲೆ ತರಿಸಿಕೊಂಡರು. ಅದರಲ್ಲಿ ಕೆಮ್ಮು ಎಂದಿರಲಿಲ್ಲ. ಆಸ್ತಮಾ ಎಂದಿತ್ತು. ಹದಿಮೂರು ವರ್ಷ ದಾಟಿದ ಮೇಲೆ ಉಬ್ಬಸ ಇದ್ದವರನ್ನು ಸೈನ್ಯ ತೆಗೆದುಕೊಳ್ಳುವುದಿಲ್ಲ. ಉಸಿರಿನ ಪರೀಕ್ಷೆ ಮಾಡಿಸಿದರು. ಕುದುರೆಯ ಶ್ವಾಸಕೋಶ ಇದ್ದಂತಿದೆ ಎಂದು ಅಲ್ಲಿನವನು ನಕ್ಕಿದ್ದ. ಅದು ಸಾಲದು, ಅಂದು ಆಸ್ತಮಾ ಎಂದು ಬರೆದ ಡಾಕ್ಟರೇ ಯಾಕೆ ಬರೆದೆ ಎಂದು ಕಾಗದ ಕೊಡಲಿ, ಸೋಮವಾರದೊಳಗೆ ಬರಲಿ, ಎಂದರು. ಇವತ್ತು ಶನಿವಾರ.

ಪದ್ಮನಾಭ ಅಂದು ಯಾಕೆ ಹಾಗೆ ಬರೆದ ಎಂಬುದು ಜಯಸಿಂಹನಿಗೆ ಗೊತ್ತು. ಆಗ ಪದ್ಮನಾಭನೂ ಕ್ಯಾಂಟನ್‌ನಲ್ಲೇ ಇದ್ದ, ಎರಡು ಬೀದಿ ಆಚೆ. ಮೈಸೂರಿನಲ್ಲಿ ಒಂಟಿಕೊಪ್ಪಲಿನ ಒಂದೇ ಕೇರಿಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿದವರು ಮಿಶಿಗನ್ನಿನಲ್ಲಿ ಮತ್ತೆ ಅಕ್ಕಪಕ್ಕ ಬಂದು ಬಿದ್ದದ್ದು ಒಂದು ಸೋಜಿಗವೇ. ಕನ್ನಡದವರಲ್ಲಿ ಯಾರಿಗೆ ಏನೇ ಆದರೂ ಅಪಾಯಿಂಟ್‌ಮೆಂಟ್ ಗಿಪಾಯಿಂಟ್‌ಮೆಂಟ್ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಯಾರದೋ ಮನೆಯ ನಾಮಕರಣದಲ್ಲಿ, ಕೈಯಲ್ಲಿ ಚಿತ್ರಾನ್ನದ ಪ್ಲೇಟು ಹಿಡಿದುಕೊಂಡೇ ಪದ್ಮನಾಭನಿಗೆ ನಾಲಿಗೆ ತೋರಿಸುತ್ತಿದ್ದರು. ಗಣೇಶನ ಹಬ್ಬದ ಡ್ಯಾನ್ಸಿಗೆ ಮೂರು ದಿನ ಇದ್ದಾಗ ಹದಿನಾಲ್ಕರ ವಿಭಾಗೆ ಒಣಕೆಮ್ಮು ಹಿಡಿಯಿತು. ಪದ್ಮನಾಭ ಫೋನಿನಲ್ಲೇ ಇನ್ಹೇಲರ್ ಬರೆದ. ಕೆಮ್ಮಿಗಾದರೆ ಇನ್ಶೂರೆನ್ಸ್ ಕೊಡುವುದಿಲ್ಲ, ಎಪ್ಪತ್ತೆಂಟು ಡಾಲರ್ ಆಗುತ್ತದೆ ಎಂದಳು ಔಷಧಿ ಅಂಗಡಿಯವಳು. ಆಗ ಜಯಸಿಂಹನಿಗೆ ಕಾರಿನ ಬಿಡಿಭಾಗದ ಕಂಪನಿಯಲ್ಲಿ ಭರ್ತಿ ಸಂಬಳ, ಎಪ್ಪತ್ತೆಂಟು ಡಾಲರ್ ಅವನಿಗೆ ಯಾವ ಲೆಕ್ಕ. ಆದರೂ ಕೌಂಟರಿನ ಮುಂದೆ ನಿಂತೇ ಪದ್ಮನಾಭನಿಗೆ ಫೋನ್ ಮಾಡಿದ. "ಇನ್ಶೂರೆನ್ಸ್ ಕೊಡೋ ಹಾಗೆ ಏನಾದ್ರೂ ಹಾಕ್ಬಿಡೋ ಪದ್ದು." "ಆಸ್ತಮಾ ಅಂತ ಹಾಕ್ತೀನಿ, ಹೋಗೋ." ಇಬ್ಬರೂ ನಕ್ಕಿದ್ದರು. ಐದು ಸಲ ಎಳೆದುಕೊಂಡಳು, ಡ್ಯಾನ್ಸ್ ಮಾಡಿದಳು, ಡಬ್ಬಿ ಬಾತ್‌ರೂಮಿನ ಶೆಲ್ಫಿನಲ್ಲಿ ಬಿದ್ದುಕೊಂಡಿತ್ತು. ಹಾಗೆ ದುಡ್ಡು ಉಳಿಸಿದ್ದನ್ನು ಜಾಣತನ ಎಂದು ನಂಬಿಕೊಂಡವರ ಪೈಕಿ ಅವನೂ ಒಬ್ಬ.

ಆ ಭರ್ತಿ ಸಂಬಳ ಹೋಗಿ ಹದಿಮೂರು ತಿಂಗಳಾಗಿತ್ತು. ಒಂದೇ ಬೆಳಿಗ್ಗೆ ಅವನ ಸಾಲಿನ ಹದಿನಾಲ್ಕು ಜನರನ್ನು ಕಾನ್ಫರೆನ್ಸ್ ರೂಮಿಗೆ ಕರೆದು, ಸಾಮಾನು ತುಂಬಿಕೊಳ್ಳಲು ರಟ್ಟಿನ ಬಾಕ್ಸು ಕೈಗೆ ಕೊಟ್ಟು ಕಳಿಸಿದ್ದರು. ಈಗ ವಾರಕ್ಕೆ ನಾಲ್ಕು ದಿನ ಮನೆರಿಪೇರಿ ಸಾಮಾನಿನ ಅಂಗಡಿಯಲ್ಲಿ ಏಪ್ರನ್ ಕಟ್ಟಿಕೊಂಡು ನಲ್ಲಿ, ಪೈಪು ತೋರಿಸುತ್ತಾನೆ. ಕನ್ನಡ ಕೂಟದಲ್ಲಿ ಯಾರಾದರೂ ಕೇಳಿದರೆ ಕನ್ಸಲ್ಟಿಂಗ್ ಮಾಡ್ತಿದೀನಿ ಎನ್ನುತ್ತಾನೆ. ಒಂದು ದಿನ ಕೂಟದ ಮಾಜಿ ಅಧ್ಯಕ್ಷರು ಅಂಗಡಿಯಲ್ಲಿ ಅವನನ್ನು ಕಂಡು, ಕಾಣದವರಂತೆ ಪೇಂಟಿನ ಸಾಲಿಗೆ ತಿರುಗಿಕೊಂಡರು. ಅವರು ಮಾಡಿದ್ದು ಉಪಕಾರವೋ ಅವಮಾನವೋ ಇನ್ನೂ ಗೊತ್ತಾಗಿಲ್ಲ. ಅವನೂ ಬಗ್ಗಿ ಇಲ್ಲದ ಸ್ಕ್ರೂ ಹುಡುಕಿದ್ದ. ಮಗಳಿಗೆ ಫುಲ್ ಸ್ಕಾಲರ್‌ಶಿಪ್ ಬಂದಿದೆಯಂತೆ ಎಂದು ಜನ ಹೆಂಡತಿ ಅನುರಾಧಾಳ ಕೈ ಕುಲುಕಿದಾಗ ಯಾವ ಸ್ಕಾಲರ್‌ಶಿಪ್ ಎಂದು ಅವಳೂ ಹೇಳಲಿಲ್ಲ, ಇವನೂ ಹೇಳಲಿಲ್ಲ. ಟಿವಿಯಲ್ಲಿ ಕಂದಹಾರಿನ ಯುದ್ಧದ ಸುದ್ದಿ ಬಂದರೆ ಅನುರಾಧಾ ಎದ್ದು ಚಾನೆಲ್ ಬದಲಾಯಿಸುತ್ತಿದ್ದಳು. ಬೇಸ್‌ಮೆಂಟಿನ ಕಾರ್ಪೆಟ್ ಮೇಲೆ ವಿಭಾ ಪುಷ್‌ಅಪ್ ಮಾಡುವಾಗ ಎಣಿಸುವ ಕೆಲಸ ಇವನದು. ಮೊಣಕೈ ಪೂರ್ತಿ ಬಗ್ಗದ್ದನ್ನೂ ಸೇರಿಸಿ ಮೂವತ್ತೆರಡು ಎಂದರೆ, ಅವಳು ಏದುಸಿರಿನಲ್ಲೇ, "ನೋ, ಥರ್ಟಿ. ಎರಡು ಬಿಡು," ಎನ್ನುತ್ತಿದ್ದಳು. ಬೆಳಗಿನ ಐದೂವರೆಗೆ, ಹಿಮ ತುಳಿದುಕೊಂಡು, ಬಡಾವಣೆಯ ಸುತ್ತ ಓಡಿ ಬಂದ ಮಗಳ ಮೂಗು ಕೆಂಪಗಿರುವುದನ್ನು ಕಂಡಾಗ ಅವನಿಗೆ ಎದೆ ಉಬ್ಬುತ್ತಿತ್ತು, ಅದರ ಹಿಂದೆಯೇ ಒಂದು ಯೋಚನೆ ಬರುತ್ತಿತ್ತು: ನನ್ನ ಕೆಲಸ ಇದ್ದಿದ್ದರೆ ಇವಳು ಈ ಹೊತ್ತಿಗೆ ಹೊದ್ದು ಮಲಗಿರುತ್ತಿದ್ದಳು.

ಪದ್ಮನಾಭ ಮನೆಯಲ್ಲೇ ಇದ್ದ. ಅವನೇ ಬಾಗಿಲು ತೆಗೆದು, "ಏನೋ ಸಿಂಹ, ಕೂದಲೆಲ್ಲ ಎಲ್ಲೋ ಬಿಟ್ಟು ಬಂದಿದೀಯ," ಎಂದು ತಬ್ಬಿಕೊಂಡ. ಒಳಗೆ ಒಗ್ಗರಣೆಯ ವಾಸನೆ. ಅವನ ಹೆಂಡತಿ ವತ್ಸಲಾ ಬಿಸಿಬೇಳೆಬಾತ್ ಮಾಡಿದ್ದಳು. ಊಟಕ್ಕೆ ಮುಂಚೆ ಹೊಸ ಬೇಸ್‌ಮೆಂಟ್ ನೋಡಲೇಬೇಕಾಯಿತು; ಹತ್ತು ಜನ ಕೂರುವ ಥಿಯೇಟರು, ಒರಗಿದರೆ ಕಾಲು ಎತ್ತಿಕೊಡುವ ಕುರ್ಚಿಗಳು. ಜಯಸಿಂಹ ಒಂದರಲ್ಲಿ ಕೂತು, ಚೆನ್ನಾಗಿದೆ ಕಣೋ, ಎಂದ. ಮೇಲೇಳುವಾಗ ಕಾಲು ಇಳಿಸುವ ಬಟನ್ ಯಾವುದೆಂದು ತಿಳಿಯದೆ ಅಂಗಾತ ಸಿಕ್ಕಿಕೊಂಡ. ಪದ್ಮನಾಭ ನಕ್ಕು ಕೈ ಕೊಟ್ಟು ಎಬ್ಬಿಸಿದ. ತಾನೂ ನಕ್ಕ, ಬೇಕಾದ್ದಕ್ಕಿಂತ ಹೆಚ್ಚು.

ಊಟದ ಟೇಬಲ್ಲಿನಲ್ಲಿ ವತ್ಸಲಾ ವಿಭಾಳ ಪ್ಲೇಟಿಗೆ ಎರಡನೆಯ ಸಲ ಬಡಿಸುತ್ತ, "ಅಲ್ಲಮ್ಮ, ಆರ್ಮಿ ಯಾಕೆ? ನಮ್ಮ ಸಾಕೇತ್ ನೋಡು, ಲೋನ್ ತಗೊಂಡೇ ಓದ್ತಿದಾನೆ. ಹುಡುಗಿ ನೀನು. ನಾಳೆ ಗಂಡು ನೋಡುವಾಗ ಏನಂತ ಹೇಳೋದು ನಿಮ್ಮಮ್ಮ?" ಎಂದಳು.

"ಶೀ ಕ್ಯಾನ್ ಸೇ ಲೆಫ್ಟಿನೆಂಟ್, ಆಂಟಿ," ಎಂದಳು ವಿಭಾ, ಹಪ್ಪಳ ಮುರಿಯುತ್ತ.

ವತ್ಸಲಾ ನಕ್ಕಳು. ಪದ್ಮನಾಭ ನಗಲಿಲ್ಲ. "ನಿಮ್ಮಪ್ಪನ ಸಿಚುಯೇಶನ್ ನಮಗೆ ಅರ್ಥ ಆಗತ್ತೆ ವಿಭಾ," ಎಂದ, ರೋಗಿಯ ಮನೆಯವರೊಂದಿಗೆ ಮಾತಾಡುವ ದನಿಯಲ್ಲಿ.

"ಇಟ್ಸ್ ನಾಟ್ ಹಿಸ್ ಸಿಚುಯೇಶನ್. ನಾನು ಅಪ್ಲೈ ಮಾಡಿದ್ದು." ಸಿಟ್ಟು ಬಂದಾಗ ವಿಭಾ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಇಳಿಯುತ್ತಾಳೆ. ಜಯಸಿಂಹ ಟೇಬಲ್ಲಿನ ಕೆಳಗೆ ಅವಳ ಕಾಲನ್ನು ಮೆಲ್ಲಗೆ ಒತ್ತಿದ. ಸುಮ್ಮನಿರು ಎಂದೋ, ಇನ್ನೊಂದು ಸಲ ಹೇಳು ಎಂದೋ, ಅವನಿಗೇ ತಿಳಿಯಲಿಲ್ಲ.

ಊಟವಾದ ಮೇಲೆ ಪದ್ಮನಾಭ ಅವನೊಬ್ಬನನ್ನೇ ಆಫೀಸ್ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದ. ಗೋಡೆಯ ತುಂಬ ಸರ್ಟಿಫಿಕೇಟುಗಳು. "ನೋಡು ಸಿಂಹ, ಬೇಜಾರು ಮಾಡ್ಕೋಬೇಡ. ನೀನು ಕೇಳಿದ ಕಾಗದ ನಾನು ಬರೆಯಲ್ಲ. ಇಲ್ಲದ ಕಾಯಿಲೆ ಹಾಕಿದೆ ಅಂತ ನನ್ನ ಕೈಯಾರೆ ಬರೆದುಕೊಟ್ರೆ ನನ್ನ ಲೈಸೆನ್ಸ್ ಗತಿ ಏನು? ಅದು ಬಿಡು. ನಿಜ ಹೇಳು, ನಿನಗೂ ಇದು ಇಷ್ಟ ಇಲ್ಲ ತಾನೆ? ಬೇಡ ಅನ್ನೋಕೆ ನಿನಗೆ ಬಾಯಿ ಬರ್ಲಿಲ್ಲ, ಅವರೇ ಬೇಡ ಅಂದ್ರು. ಒಳ್ಳೇದಾಯ್ತು ಅಂದ್ಕೊಂಡು ಸುಮ್ನಿರು. ಮೊದಲ ವರ್ಷದ ಫೀಸು ನಾನು ಕಟ್ತೀನಿ. ಇನ್ನೂ ನಾಲ್ಕು ಜನಕ್ಕೆ ಹೇಳ್ತೀನಿ, ಎಲ್ಲ ಸೇರಿ ನೋಡ್ಕೊಳ್ಳೋಣ."

ಸುಳ್ಳೇನಿದೆ ಅದರಲ್ಲಿ? ದಾರಿಯುದ್ದಕ್ಕೂ ತಾನು ಬೇಡಿಕೊಂಡದ್ದನ್ನೇ ಇವನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದಾನೆ. ಹೂಂ ಎಂದರೆ ಆಯಿತು. ಹೊರಗೆ ಹೋಗಿ, ಅಂಕಲ್ ಆಗಲ್ಲ ಅಂದ್ರು ಪುಟ್ಟ, ಎಂದು ತಲೆ ಸವರಿದರೆ ಆಯಿತು. ಅನುರಾಧಾ ಇವತ್ತು ರಾತ್ರಿ ನಿದ್ದೆ ಮಾಡುತ್ತಾಳೆ. ಮಗಳು ಒಂದು ವಾರ ಅಳುತ್ತಾಳೆ, ಬಿಡುತ್ತಾಳೆ, ಬದುಕಿರುತ್ತಾಳೆ. ಹೌದು, ಬದುಕಿರುತ್ತಾಳೆ, ಅದಕ್ಕಿಂತ ಹೆಚ್ಚೇನು ಬೇಕು ಒಬ್ಬ ಅಪ್ಪನಿಗೆ. ಥ್ಯಾಂಕ್ಸ್ ಎಂಬ ಮಾತು ಗಂಟಲಿನವರೆಗೂ ಬಂದಿತ್ತು. ಅಷ್ಟರಲ್ಲಿ ಪದ್ಮನಾಭ ಅವನ ಭುಜದ ಮೇಲೆ ಕೈಯಿಟ್ಟು, "ನಿನ್ನ ಕೆಲಸ ಹೋಯ್ತು ಅಂತ ಹೆಣ್ಮಗೂನ ಯುದ್ಧಕ್ಕೆ ಕಳಿಸ್ತೀಯೇನೋ? ನಮ್ಮಂಥವರು ಮಾಡೋ ಕೆಲಸ ಏನೋ ಅದು?" ಎಂದ.

ಹದಿಮೂರು ತಿಂಗಳಿಂದ ಜಯಸಿಂಹ ಕನ್ನಡಿಯ ಮುಂದೆ, ನಲ್ಲಿಗಳ ಸಾಲಿನ ಮುಂದೆ, ಹೆಂಡತಿಯ ಬೆನ್ನಿನ ಹಿಂದೆ ತನಗೆ ತಾನೇ ಹೇಳಿಕೊಂಡು ಬಂದ ಮಾತು ಅದು, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಇನ್ನೊಬ್ಬನ ಬಾಯಲ್ಲಿ ಕೇಳಿದ್ದೇ ತಡ, ಮೈಯೆಲ್ಲ ಉರಿದುಹೋಯಿತು. ಆ ಮಾತಿನಲ್ಲಿ ಅವನಿದ್ದ, ಅವನ ಹೋದ ಕೆಲಸವಿತ್ತು, ನಮ್ಮಂಥವರು ಇದ್ದರು. ವಿಭಾ ಎಲ್ಲಿಯೂ ಇರಲಿಲ್ಲ. ಐದೂವರೆಗೆ ಎದ್ದು ಓಡಿದವಳು, ಎರಡು ಪುಷ್‌ಅಪ್ ಬಿಡು ಎಂದವಳು, ಹೌದು ಎಂದು ಗುರುತು ಹಾಕಿದವಳು ಯಾರೂ ಇರಲಿಲ್ಲ. ಇಷ್ಟು ದಿನ ತಾನು ಪಶ್ಚಾತ್ತಾಪ ಎಂದುಕೊಂಡು ಮುದ್ದು ಮಾಡಿ ಸಾಕಿದ್ದೂ ಇದೇ ಅಲ್ಲವೇ? ಅವಳ ಬದುಕನ್ನೂ ತನ್ನ ಅವಮಾನದ ಪಟ್ಟಿಗೆ ಸೇರಿಸಿಕೊಂಡು ಕೂತದ್ದು? ನಾಲ್ಕು ಜನ ಸೇರಿ ಕಟ್ಟುತ್ತಾರಂತೆ. ಪ್ರತಿ ಗಣೇಶನ ಹಬ್ಬಕ್ಕೂ ಆ ನಾಲ್ಕು ಜನ ಅವಳ ಕೆನ್ನೆ ಹಿಂಡಿ ಹೇಗೆ ಓದ್ತಿದೀಯ ಎಂದು ಕೇಳುವುದು, ಅವಳು ಹಲ್ಲು ಕಿರಿದು ನಿಲ್ಲುವುದು.

"ಕೈ ತೆಗಿ," ಎಂದ ಜಯಸಿಂಹ.

"ಏನೋ?"

"ಕೈ ತೆಗಿ, ಭುಜದ ಮೇಲಿಂದ. ಕಾಗದ ಬರಿ ಪದ್ದು. ಬರೆಯೋ ತನಕ ನಾನು ಇಲ್ಲಿಂದ ಕದಲಲ್ಲ. ನಿನ್ನ ಫೀಸು ನನಗೆ ಬೇಡ."

ಪದ್ಮನಾಭನ ಮುಖ ಬಿಗಿದುಕೊಂಡಿತು. ಕಂಪ್ಯೂಟರಿನ ಮುಂದೆ ಹೋಗಿ ಕೂತ. "ಸರಿ. ಬರೀತೀನಿ. ಆದರೆ ಹೀಗೆ ಬರೀತೀನಿ. ಮಗಳಿಗೆ ಚಿಕ್ಕಂದಿನಿಂದ ಉಬ್ಬಸ ಇದೆ ಅಂತ ತಂದೆ ನನಗೆ ಹೇಳಿದ, ಅವನ ಮಾತು ನಂಬಿ ಬರೆದೆ. ಅದು ಸುಳ್ಳು ಅಂತ ಈಗ ಅವನೇ ಒಪ್ಪಿಕೊಂಡಿದಾನೆ. ಬೇಕಾ?" ಬೇಡ ಎನ್ನುತ್ತಾನೆಂದು ಕಾಯುವವನಂತೆ ಅವನು ಹುಬ್ಬು ಏರಿಸಿದ್ದ.

"ಟೈಪ್ ಮಾಡು," ಎಂದ ಜಯಸಿಂಹ. "ನನ್ನ ಹೆಸರು ಸರಿಯಾಗಿ ಹಾಕು."

ಕಾಗದ ಜೇಬಿಗಿಟ್ಟುಕೊಂಡು ಹೊರಗೆ ಬಂದಾಗ ಅವನಿಗೆ ಒಂದು ಬಗೆಯ ಅಮಲು. ಸುಳ್ಳುಗಾರ ಎನ್ನಿಸಿಕೊಂಡು ಇಷ್ಟು ಹಗುರಾಗಬಹುದೆಂದು ಗೊತ್ತೇ ಇರಲಿಲ್ಲ. ವತ್ಸಲಾ ಡಬ್ಬಿಯಲ್ಲಿ ಕಟ್ಟಿಕೊಟ್ಟ ಬಿಸಿಬೇಳೆಬಾತನ್ನೂ ಬೇಡ ಎನ್ನದೆ ತೆಗೆದುಕೊಂಡ. ಕಾರಿನಲ್ಲಿ ಕೂತು, ತಗೋ, ಆಯ್ತು ನಿನ್ನ ಕೆಲಸ, ಎಂದು ಕಾಗದವನ್ನು ಮಗಳ ಕೈಗೆ ಕೊಟ್ಟ. ಅವಳು ಓದಿದಳು. ಮೊದಲಿಂದ ಇನ್ನೊಂದು ಸಲ ಓದಿದಳು.

"ಈಸ್ ದಿಸ್ ಟ್ರೂ?"

"ನಿನಗೆ ಬೇಕಾದ್ದು ಅದರಲ್ಲಿದೆ ಪುಟ್ಟ. ಉಬ್ಬಸ ಇರ್ಲಿಲ್ಲ ಅಂತಿದೆ. ಕಳಿಸು."

"ಅದು ಕೇಳ್ಲಿಲ್ಲ. ನೀನು ಅಂಕಲ್‌ಗೆ ನನಗೆ ಆಸ್ತಮಾ ಇದೆ ಅಂತ ಸುಳ್ಳು ಹೇಳಿದ್ಯಾ?"

ಹೌದು ಎನ್ನಬೇಕೆಂದೇ ಬಾಯಿ ತೆರೆದ. ಅವಳಿಗಾಗಿ ಎಂದುಕೊಂಡ. ಆದರೆ ಅವಳು ಅಡಿಗೆಮನೆಯ ಟೇಬಲ್ಲಿನ ಆಚೆಯಿಂದ ನೋಡಿದ ಹಾಗೆಯೇ ನೋಡುತ್ತಿದ್ದಳು, ಆ ಕಣ್ಣಿನ ಮುಂದೆ ಇನ್ನೊಂದು ಸಲ ಅದೇ ಮನುಷ್ಯನಾಗಿ ಕೂರುವುದು ಅವನಿಂದಾಗಲಿಲ್ಲ. "ಇಲ್ಲ. ಇನ್ಶೂರೆನ್ಸ್ ಕೊಡೋ ಹಾಗೆ ಏನಾದ್ರೂ ಹಾಕು ಅಂದೆ. ಅವನು ಆಸ್ತಮಾ ಅಂತ ಹಾಕಿದ. ಇಬ್ಬರಿಗೂ ಗೊತ್ತಿತ್ತು," ಎಂದ. ಎಪ್ಪತ್ತೆಂಟು ಡಾಲರ್ ಎಂಬುದನ್ನೂ ಹೇಳಿದ. ಅದನ್ನು ಹೇಳುವಾಗ ಮಾತ್ರ ದನಿ ಸಣ್ಣಗಾಯಿತು.

ವಿಭಾ ಬಾಗಿಲು ತೆಗೆದು ಇಳಿದಳು. ಅವನು ಸೀಟ್‌ಬೆಲ್ಟ್ ಬಿಚ್ಚುವಷ್ಟರಲ್ಲಿ ಅವಳು ಮೆಟ್ಟಿಲು ಹತ್ತಿ ಬೆಲ್ ಒತ್ತಿಯಾಗಿತ್ತು. ಮಾರ್ಚಿ ತಿಂಗಳ ಗಾಳಿ ಮುಖಕ್ಕೆ ರಪ್ಪನೆ ಹೊಡೆಯುತ್ತಿತ್ತು. ಬಾಗಿಲು ತೆಗೆದ ಪದ್ಮನಾಭನ ಕೈಗೆ ಅವಳು ಕಾಗದವನ್ನು ವಾಪಸು ಕೊಟ್ಟಳು. "ತಗೊಳ್ಳಿ ಅಂಕಲ್. ಇದು ನಿಜ ಅಲ್ಲ. ನಾನು ಕಳಿಸಲ್ಲ. ಆಗಿದ್ದನ್ನ ಬರೀರಿ, ಇಬ್ಬರದ್ದೂ."

"ಕಳಿಸದೇ ಇದ್ರೆ ನಿನ್ನ ಸ್ಕಾಲರ್‌ಶಿಪ್ ಹೋಗತ್ತಮ್ಮ. ಯು ಅಂಡರ್‌ಸ್ಟ್ಯಾಂಡ್?"

"ಹೋಗ್ಲಿ," ಎಂದಳು ವಿಭಾ. "ಹೋದ್ರೆ ಬೇರೆ ಕೆಲಸ ಮಾಡಿ ಓದ್ತೀನಿ. ಅಪ್ಪನ ಅಂಗಡೀಲೇ ಮಾಡ್ತೀನಿ. ಅವರ ಜೊತೆ ಏಪ್ರನ್ ಹಾಕ್ಕೊಂಡು."

ಜಯಸಿಂಹನ ಎದೆ ಧಸಕ್ಕೆಂದಿತು. ಕೆಲಸ ಹೋದದ್ದು ಪದ್ಮನಾಭನಿಗೆ ಗೊತ್ತಿತ್ತು, ಅಂಗಡಿಯ ವಿಷಯ ಗೊತ್ತಿರಲಿಲ್ಲ; ಅವನಿಗೂ ಕನ್ಸಲ್ಟಿಂಗ್ ಎಂದೇ ಹೇಳಿದ್ದು. ಈಗ ಪದ್ಮನಾಭ ತನ್ನ ಕಡೆ ನೋಡಿದಾಗ ಬಗ್ಗಿ ಹುಡುಕುವುದಕ್ಕೆ ಯಾವ ಸ್ಕ್ರೂ ಇರಲಿಲ್ಲ. ಹುಡುಕಬೇಕು ಎನ್ನಿಸಲೂ ಇಲ್ಲ. "ಹೌದು ಕಣೋ, ನಲ್ಲಿ ಮಾರ್ತೀನಿ," ಎಂದ. ಮಗಳ ಪಕ್ಕಕ್ಕೆ ಹೋಗಿ ನಿಂತ.

ಯಾರೂ ಒಳಗೆ ಬನ್ನಿ ಎನ್ನಲಿಲ್ಲ. ವಿಭಾ ತನ್ನ ಬ್ಯಾಗಿನಿಂದ ನೋಟ್‌ಬುಕ್ ತೆಗೆದು, ಬಾಗಿಲ ಪಕ್ಕದ ಇಟ್ಟಿಗೆ ಗೋಡೆಗೆ ಒತ್ತಿ ಹಿಡಿದು ಬರೆಯತೊಡಗಿದಳು. ಬರೆದದ್ದನ್ನು ಗಟ್ಟಿಯಾಗಿ ಓದುತ್ತಲೂ ಇದ್ದಳು, ಇಂಗ್ಲಿಷಿನಲ್ಲಿ: ನನಗೆ ಕೆಮ್ಮು ಇತ್ತು, ಉಬ್ಬಸ ಎಂದೂ ಇರಲಿಲ್ಲ. ಇನ್ಶೂರೆನ್ಸ್ ಹಣ ಕೊಡಲೆಂದು ನನ್ನ ತಂದೆ ಕೇಳಿದರು, ಡಾಕ್ಟರು ಒಪ್ಪಿ ಆಸ್ತಮಾ ಎಂದು ಬರೆದರು. ಔಷಧಿಯನ್ನು ಐದು ಸಲ ತೆಗೆದುಕೊಂಡೆ. ಪದ್ಮನಾಭ ನಡುವೆ ಎರಡು ಸಲ, ವಿಭಾ, ಲಿಸನ್, ಎಂದ. ಅವಳು ಬರೆದು ಮುಗಿಸಿ ಸಹಿ ಮಾಡಿ, "ಐ ಆ್ಯಮ್ ಸೆವೆಂಟೀನ್. ನಿನ್ನ ಸೈನ್ ಬೇಕು," ಎಂದು ಪೆನ್ನನ್ನು ಅಪ್ಪನ ಕಡೆ ಚಾಚಿದಳು.

ಪೆನ್ನು ತೆಗೆದುಕೊಂಡ ಜಯಸಿಂಹನಿಗೆ ಒಂದು ಕ್ಷಣ ಕಣ್ಣು ಕತ್ತಲಿಟ್ಟಿತು. ನಾಳೆ ಇವಳು ಎಲ್ಲಿಗೋ ಹೋಗಿ, ಯಾವುದೋ ಬೆಳಿಗ್ಗೆ ಯೂನಿಫಾರ್ಮಿನ ಇಬ್ಬರು ಬಂದು ತನ್ನ ಮನೆಯ ಬೆಲ್ ಒತ್ತಿದರೆ, ಅವಳನ್ನು ಕಳಿಸಿದ್ದು ಈ ಸಹಿ ಎಂದು ಅನುರಾಧಾ ಸಾಯುವವರೆಗೂ ಹೇಳುತ್ತಾಳೆ, ಹೇಳದಿದ್ದರೆ ತಾನೇ ಹೇಳಿಕೊಳ್ಳುತ್ತಾನೆ. ಆ ಹೆದರಿಕೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಆದರೂ ಬ್ಯಾಂಕಿನ ಚೆಕ್ಕಿಗೆ ಹಾಕುವ ಗೀಚಲ್ಲ, ಊರು, ಅಪ್ಪನ ಹೆಸರು ಸೇರಿಸಿ ಇಡೀ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಬರೆದ.

"ನೀನು?" ಎಂದು ನೋಟ್‌ಬುಕ್ಕನ್ನು ಪದ್ಮನಾಭನ ಮುಂದೆ ಹಿಡಿದ.

"ನಾನು ಸೈನ್ ಮಾಡಲ್ಲ ಸಿಂಹ. ಸಾರಿ."

"ಬೇಡ ಬಿಡು." ಜಯಸಿಂಹ ತನ್ನ ಸಹಿಯ ಕೆಳಗೆ ಇನ್ನೊಂದು ಸಾಲು ಬರೆಯುತ್ತಿದ್ದುದನ್ನು ಕಂಡು ಪದ್ಮನಾಭ ಹೊಸ್ತಿಲು ದಾಟಿ ಬರಿಗಾಲಿನಲ್ಲಿ ಹೊರಗೆ ಬಂದ.

"ಏನ್ ಬರೀತಿದೀಯ?"

"ನಿನ್ನ ಹೆಸರು. ನಿನ್ನ ಕ್ಲಿನಿಕ್ ನಂಬರು. ಸೋಮವಾರ ಅವರು ಫೋನ್ ಮಾಡಿ ನಿನ್ನನ್ನೇ ಕೇಳ್ತಾರೆ," ಎಂದ ಜಯಸಿಂಹ, ಕೊನೆಯ ಅಂಕಿ ತಿದ್ದಿ. "ಅವಳಿಗೆ ಉಬ್ಬಸ ಇತ್ತು ಅಂತ ಹೇಳೋಕೆ ನಿನಗೆ ಬಾಯಿ ಬಂದ್ರೆ ಹೇಳು ಪದ್ದು. ಇಲ್ಲೇ ನಿಂತಿದಾಳೆ, ಸರಿಯಾಗಿ ನೋಡ್ಕೋ."